ಹಿಮಪಾತ ಎಂದರೆ ಯಾವುದು?

2016ರ ಫೆಬ್ರುವರಿಯ ಕನ್ನಡ ಪತ್ರಿಕೆಗಳನ್ನು ಈಗ ತೆಗೆದು ನೋಡಿದರೆ ಒಂದೇ ಪದ ಎರಡು ಬೇರೆ ಬೇರೆ ಕೆಲಸ ಮಾಡುತ್ತಿರುವುದು ಕಣ್ಣಿಗೆ ಬೀಳುತ್ತದೆ. ಮನಾಲಿಯ ಹೋಟೆಲಿನ ಮುಂದೆ ಅರಳೆಯ ಹಾಗೆ ಉದುರಿ, ಮಧುಚಂದ್ರಕ್ಕೆ ಹೋದವರು ಕೈಚಾಚಿ ಹಿಡಿಯುವುದೂ ಹಿಮಪಾತ. ಸಿಯಾಚಿನ್‌ನಲ್ಲಿ ಹತ್ತು ಮಂದಿ ಸೈನಿಕರನ್ನು ಡೇರೆಸಮೇತ ಹೂತುಹಾಕಿದ್ದೂ ಹಿಮಪಾತ. ಕೆಲವರು ಹಿಮಕುಸಿತ ಎಂದು ಬರೆದರು, ಇನ್ನು ಕೆಲವರು ಹಿಮಪ್ರವಾಹ ಎಂದರು. ತಲೆಬರಹದಲ್ಲಿ ಒಂದು, ವರದಿಯ ಒಳಗೆ ಇನ್ನೊಂದು ಇದ್ದದ್ದೂ ಉಂಟು. ಮಳೆ ಬರುವುದಕ್ಕೂ ಗುಡ್ಡ ಜರಿಯುವುದಕ್ಕೂ ಒಂದೇ ಪದ ಬಳಸಿದರೆ ಕೊಡಗಿನವರು ಒಪ್ಪುತ್ತಾರೆಯೇ? ಹಿಮದ ವಿಷಯದಲ್ಲಿ ನಾವು ಒಪ್ಪಿಕೊಂಡೆವು, ಯಾರಿಗೂ ಅದು ವಿಚಿತ್ರ ಎನಿಸಲಿಲ್ಲ.

ಇದನ್ನು ಭಾಷಾಶುದ್ಧಿಯ ತಕರಾರು ಎಂದು ತಳ್ಳಿಹಾಕಬೇಡಿ. ಆ ಫೆಬ್ರುವರಿಗೆ ಈಗ ಹತ್ತು ವರ್ಷ. ಈ ಹತ್ತು ವರ್ಷಗಳಲ್ಲಿ ಹಿಮದ ಬಗ್ಗೆ ಕನ್ನಡದಲ್ಲಿ ಬಂದ ಬರವಣಿಗೆಯನ್ನು, ಅಂದರೆ ವರದಿ, ಕವಿತೆ, ಚಾರಣದ ಬ್ಲಾಗು, ಫೇಸ್‌ಬುಕ್ ಶ್ರದ್ಧಾಂಜಲಿ ಎಲ್ಲವನ್ನೂ, ಸಾಹಿತ್ಯ ಎಂದೇ ಹಿಡಿದು ಓದಿದರೆ ಏನು ಕಾಣುತ್ತದೆ ಎಂಬುದು ಇಲ್ಲಿಯ ಪ್ರಶ್ನೆ. ಬರೆದವರಲ್ಲೂ ಓದಿದವರಲ್ಲೂ ನಮ್ಮಂಥವರೇ ಹೆಚ್ಚು. ಊರು ಬಿಟ್ಟು ಪುಣೆಯಲ್ಲೋ ಬೆಂಗಳೂರಲ್ಲೋ ಕೂತು, ವಾರಾಂತ್ಯಕ್ಕೆ ರಾಜಗಡ ತೋರಣಾ ಹತ್ತಿ, ಡಿಸೆಂಬರ್ ರಜೆಗೆ ಕೇದಾರಕಂಠಕ್ಕೆ ಟಿಕೆಟ್ ತೆಗೆಸುವವರು.

ಮೊದಲು ನಡೆದದ್ದು. 2016ರ ಫೆಬ್ರುವರಿ 3ರ ಬೆಳಗಿನ ಜಾವ, ಸಿಯಾಚಿನ್‌ನ ಸುಮಾರು 19,600 ಅಡಿ ಎತ್ತರದ ಸೋನಮ್ ಠಾಣೆಯ ಮೇಲೆ ಹಿಮದ ಗೋಡೆಯೊಂದು ಕುಸಿಯಿತು. ಠಾಣೆಯಲ್ಲಿದ್ದವರು 19 ಮದ್ರಾಸ್ ರೆಜಿಮೆಂಟಿನವರು, ಹತ್ತು ಮಂದಿ. ಫೆಬ್ರುವರಿ 8ರ ಸಂಜೆ, ಆರನೆಯ ದಿನ, ಸುಮಾರು 25 ಅಡಿ ಆಳದಿಂದ ಕುಂದಗೋಳ ತಾಲೂಕು ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಜೀವಂತವಾಗಿ ಸಿಕ್ಕರು. ಮರುದಿನ ದೆಹಲಿಯ ಸೇನಾ ಆಸ್ಪತ್ರೆ ಮುಟ್ಟಿದರು. 11ರಂದು ತೀರಿಕೊಂಡರು. ಉಳಿದ ಒಂಬತ್ತೂ ಮಂದಿ ಹಿಮದಡಿಯಲ್ಲೇ ಸತ್ತಿದ್ದರು.

ಆಗ ಸೇನೆ ಹೇಳಿದ ಒಂದು ವಿವರ ಕನ್ನಡ ವರದಿಗಳಲ್ಲಿ ಬಂದೂ ಬಾರದಂತೆ ಮಾಯವಾಯಿತು. ಠಾಣೆಯ ಮೇಲೆ ಬಿದ್ದದ್ದು ಮೆತ್ತನೆಯ ಹೊಸ ಹಿಮವಲ್ಲ, ನೀಲಿ ಬಣ್ಣಕ್ಕೆ ತಿರುಗಿದ ಹಳೆಯ ಮಂಜುಗಡ್ಡೆ. ವರ್ಷಾನುಗಟ್ಟಲೆ ಒತ್ತಡಕ್ಕೆ ಸಿಕ್ಕಿ ಒಳಗಿನ ಗಾಳಿಗುಳ್ಳೆಗಳೆಲ್ಲ ಹೋಗಿ ಕಾಂಕ್ರೀಟಿನಷ್ಟು ಗಟ್ಟಿಯಾದದ್ದು. ಅದನ್ನು ಸಲಿಕೆಯಿಂದ ತೋಡಲಾಗುವುದಿಲ್ಲ, ಬಂಡೆ ಕೊರೆಯುವ ಯಂತ್ರ ಬೇಕು. 150ಕ್ಕೂ ಹೆಚ್ಚು ಜನ ಹಗಲೂ ರಾತ್ರಿ ಅಗೆದರೂ ಆರು ದಿನ ಏಕೆ ಹಿಡಿಯಿತು ಎಂಬುದಕ್ಕೆ ಉತ್ತರದ ದೊಡ್ಡ ಪಾಲು ಈ ಒಂದು ವಿವರದಲ್ಲಿದೆ. ‘ಹಿಮ’ ಎಂಬ ಪದ ಅದನ್ನು ಮುಚ್ಚಿಬಿಟ್ಟಿತು. ಹಿಮ ಎಂದೊಡನೆ ಓದುಗನ ಮನಸ್ಸಿನಲ್ಲಿ ಬಂದದ್ದು ಹತ್ತಿಯ ರಾಶಿ. ಹತ್ತಿಯ ರಾಶಿಯಡಿ ಸಿಕ್ಕವನನ್ನು ಹೊರತೆಗೆಯಲು ಅಷ್ಟು ದಿನ ಏಕೆ ಎಂದು ಟೀವಿ ಚರ್ಚೆಯಲ್ಲಿ ಕೇಳಿದವರ ತಪ್ಪೇನೂ ಇಲ್ಲ.

ಮರಾಠಿಯಲ್ಲಿ ಈ ಗೊಂದಲ ಕಡಿಮೆ. ಬೀಳುವುದು ಬರ್ಫವೃಷ್ಟಿ ಅಥವಾ ಹಿಮವರ್ಷಾವ, ಜಾರುವುದು ಹಿಮಸ್ಖಲನ. ಪುಣೆಯ ಯಾವ ಪತ್ರಿಕೆ ತೆಗೆದರೂ ಇವೆರಡು ಬೇರೆ. ಕನ್ನಡಕ್ಕೆ ಹಿಮಸ್ಖಲನ ಬರಲಿಲ್ಲ, ಬರುವ ಹಾಗೂ ಇರಲಿಲ್ಲ. ಸ್ಖಲನ ನಮ್ಮಲ್ಲಿ ಬೇರೆ ಕೆಲಸಕ್ಕೆ ನಿಂತುಬಿಟ್ಟಿದೆ. ಮುಂಬೈ–ಪುಣೆ ಹೆದ್ದಾರಿಯ ಸುದ್ದಿಯಲ್ಲಿ ‘ಭೂಸ್ಖಲನ’ ಓದಿ ಹೊಸದಾಗಿ ಬಂದ ಕನ್ನಡ ಹುಡುಗರು ನಗುವುದನ್ನು ಯಾರು ನೋಡಿಲ್ಲ? ಆದರೆ ಮರಾಠಿಗೆ ಆ ಸ್ಪಷ್ಟತೆ ಬಂದದ್ದು ನಿಘಂಟಿನಿಂದಷ್ಟೇ ಅಲ್ಲ. ಈ ಊರಿನ ಗಿರಿಪ್ರೇಮಿ ಸಂಸ್ಥೆ 2012ರಲ್ಲಿ ಎವರೆಸ್ಟಿಗೆ, 2019ರಲ್ಲಿ ಕಾಂಚನಜುಂಗಕ್ಕೆ ತಂಡ ಕಳಿಸಿತು. ಹೋಗಿ ಬಂದವರು ಮರಾಠಿಯಲ್ಲಿ ಮಾತಾಡಿದರು, ಬರೆದರು. ಕಾಲಿಟ್ಟವರು ತಮ್ಮ ಭಾಷೆಯಲ್ಲಿ ಹೇಳತೊಡಗಿದಾಗ ಪದಗಳು ತಾವಾಗಿಯೇ ಬೇರೆಯಾಗುತ್ತವೆ.

ಇಲ್ಲೊಂದು ಸಹಜವಾದ ಆಕ್ಷೇಪ ಬರುತ್ತದೆ. ಕನ್ನಡನಾಡಿನಲ್ಲಿ ಹಿಮವೇ ಬೀಳುವುದಿಲ್ಲ, ಪದ ಎಲ್ಲಿಂದ ಬರಬೇಕು? ನಮಗಿರುವುದು ಇಬ್ಬನಿ, ಮಲೆನಾಡಿನ ಕಾವಳ, ಕೊಡಗಿನ ಮಂಜು, ಬೇಸಿಗೆ ಮಳೆಯ ಆಲಿಕಲ್ಲು. ಮಂಜುಗಡ್ಡೆ ಎಂದರೆ ಮೀನುಪೇಟೆಗೆ ಬರುವ ಐಸು. ಶಾಲೆಯ ಭೂಗೋಳದಲ್ಲಿ ಹಿಮನದಿ, ನೀರ್ಗಲ್ಲು ಎಂಬ ಪದಗಳನ್ನು ಓದಿ ಪರೀಕ್ಷೆಯಲ್ಲಿ ಬರೆದು ಮರೆತಿದ್ದೇವೆ. ನೀರ್ಗಲ್ಲು ಎಷ್ಟು ಒಳ್ಳೆಯ ಪದ! ಸೋನಮ್ ಠಾಣೆಯ ಮೇಲೆ ಬಿದ್ದದ್ದಕ್ಕೆ ಅದಕ್ಕಿಂತ ಹತ್ತಿರದ್ದು ಬೇರೆ ಇಲ್ಲ. ಆ ವಾರ ಅದನ್ನು ಯಾರೂ ಬಳಸಿದ್ದು ನಾನು ಕಾಣೆ.

ಆದರೆ ಈ ಆಕ್ಷೇಪ ಅರ್ಧ ಮಾತ್ರ ಸರಿ. ಕುಂದಗೋಳದ ಎರೆಹೊಲದ ಒಕ್ಕಲಿಗನನ್ನು ಮಣ್ಣಿನ ಬಗ್ಗೆ ಕೇಳಿ ನೋಡಿ. ಎರೆ ಬೇರೆ, ಮಸಾರಿ ಬೇರೆ. ಮೇಲೆ ಒಣಗಿ ಕೆಳಗೆ ಹಸಿ ಇರುವುದು ಬೇರೆ, ಮೇಲೆ ಹಸಿಯಾಗಿ ಕೆಳಗೆ ಒಣಗಿರುವುದು ಬೇರೆ. ಬಿತ್ತನೆಗೆ ಹದ ಬಂತೋ ಇಲ್ಲವೋ ಎಂದು ಒಂದು ಹಿಡಿ ಮಣ್ಣನ್ನು ಅಂಗೈಯಲ್ಲಿ ಅಮುಕಿ ಉಂಡೆಯಾಗುತ್ತದೆಯೇ, ಉದುರುತ್ತದೆಯೇ ನೋಡಿ ಹೇಳುತ್ತಾನೆ. ಹೆಂಟೆ, ಹುಡಿ, ಕೆಸರು, ಬಿರುಕು, ಹೆಪ್ಪು. ಹಿಮ ಓದುವವರು ಮಾಡುವುದೂ ಅಕ್ಷರಶಃ ಇದನ್ನೇ. ಇಳಿಜಾರಿನಲ್ಲಿ ಹಿಮವನ್ನು ನೆಲದವರೆಗೆ ತೋಡಿ, ಗುಂಡಿಯ ಗೋಡೆಯಲ್ಲಿ ಕಾಣುವ ಒಂದೊಂದು ಪದರಕ್ಕೂ ಕೈ ಹಚ್ಚಿ ನೋಡುತ್ತಾರೆ. ಇಡೀ ಮುಷ್ಟಿ ಒಳಗೆ ಹೋದರೆ ಬಹಳ ಮೆತ್ತಗೆ, ನಾಲ್ಕು ಬೆರಳು ಹೋದರೆ ಸ್ವಲ್ಪ ಗಟ್ಟಿ, ಆಮೇಲೆ ಒಂದೇ ಬೆರಳು, ಆಮೇಲೆ ಪೆನ್ಸಿಲ್, ಕೊನೆಗೆ ಚಾಕು. ಅಳತೆಗೋಲು ಇಷ್ಟೇ. ಇದು ಯಾವ ಪ್ರಯೋಗಾಲಯದ ವಿದ್ಯೆಯೂ ಅಲ್ಲ, ಒಕ್ಕಲುತನದ ಅಣ್ಣತಮ್ಮ.

ಈ ಪದರಗಳ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನಮ್ಮ ಬರವಣಿಗೆ ತಪ್ಪಿದ್ದು ಇಲ್ಲಿಯೇ. ಹಿಮಾಲಯದ ಇಳಿಜಾರಿನ ಮೇಲೆ ನಡುಚಳಿಗಾಲದಲ್ಲಿ ಇರುವುದು ಒಂದು ಹಿಮವಲ್ಲ, ಒಂದರ ಮೇಲೊಂದು ಬಿದ್ದ ಹಲವು ಹಿಮಗಳು. ಡಿಸೆಂಬರಿನಿಂದ ಮಾರ್ಚ್‌ವರೆಗೆ ಪಶ್ಚಿಮದಿಂದ, ಮೆಡಿಟರೇನಿಯನ್ ಕಡೆಯಿಂದ ಹೊರಟ ಗಾಳಿಯ ಸುಳಿಗಳು ಒಂದಾದ ಮೇಲೊಂದು ಬಂದು ಅಪ್ಪಳಿಸುತ್ತವೆ. ಹವಾಮಾನದವರು ಪಶ್ಚಿಮದ ಕ್ಷೋಭೆ ಎನ್ನುವುದು ಇವನ್ನೇ. ಪ್ರತಿ ಸುಳಿಯೂ ತನ್ನದೊಂದು ಪದರವನ್ನು ಹಾಸಿ ಹೋಗುತ್ತದೆ. ನಡುವೆ ವಾರಗಟ್ಟಲೆ ಬಿಸಿಲು, ಕಡು ಚಳಿ. ಆಗ ಹಳೆಯ ಪದರ ಸುಮ್ಮನೆ ಬಿದ್ದಿರುವುದಿಲ್ಲ. ನೆಲಕ್ಕೆ ತಾಗಿದ ಹಿಮ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, ಮೇಲ್ಮೈ ಮೈನಸ್ ಇಪ್ಪತ್ತಕ್ಕೂ ಇಳಿಯಬಹುದು. ಒಂದು ಮೀಟರ್ ದಪ್ಪದಲ್ಲಿ 10 ಡಿಗ್ರಿಗಿಂತ ಹೆಚ್ಚಿನ ವ್ಯತ್ಯಾಸ ಬಂದರೆ ಒಳಗಿನ ಆವಿ ಕೆಳಗಿನಿಂದ ಮೇಲಕ್ಕೆ ಸಾಗತೊಡಗುತ್ತದೆ. ಹಾಗೆ ಸಾಗುವಾಗ ಒಂದಕ್ಕೊಂದು ಕೈಹಿಡಿದು ನಿಂತಿದ್ದ ಕಣಗಳು ಕೈಬಿಟ್ಟು, ಮೂಲೆಮೂಲೆಯಾದ ಬಿಡಿ ಹರಳುಗಳಾಗುತ್ತವೆ. ಹುರಿದ ರವೆಯನ್ನು ಅಂಗೈಯಲ್ಲಿ ಹಿಡಿದ ಹಾಗೆ. ಎಷ್ಟು ಅಮುಕಿದರೂ ಉಂಡೆಯಾಗುವುದಿಲ್ಲ. ಇದರ ಮೇಲೆ ಮುಂದಿನ ಸುಳಿ ಎರಡು ಮೂರು ಅಡಿ ಹೊಸ ಹಿಮ ಹಾಕುತ್ತದೆ, ಗಾಳಿ ಅದನ್ನು ಬಡಿದು ಬಡಿದು ಹಾಸುಗಲ್ಲಿನ ಹಾಗೆ ಮಾಡುತ್ತದೆ. ಜೋಳದ ಕಾಳು ಚೆಲ್ಲಿದ ಇಳಿಜಾರು ನೆಲದ ಮೇಲೆ ಕಡಪಾ ಕಲ್ಲು ಇಟ್ಟಂತಾಯಿತು. ಇಳಿಜಾರು 30ರಿಂದ 45 ಡಿಗ್ರಿ ಇದ್ದರೆ ಒಬ್ಬ ಮನುಷ್ಯನ ತೂಕ ಸಾಕು. ಕೆಳಗೆ ಎಲ್ಲೋ ‘ವುಂಫ್’ ಎಂದು ಕುಸಿದ ಸದ್ದಾಗುತ್ತದೆ, ಬಿರುಕು ಓಡುತ್ತದೆ, ಇಡೀ ಹಾಸು ಒಮ್ಮೆಗೇ ಜಾರುತ್ತದೆ.

ಸೋನಮ್‌ನಲ್ಲಿ ಜರಿದದ್ದು ಹೀಗೆ ಹಾಸು ಜಾರಿದ ಬಗೆಯದಲ್ಲ, ಮೇಲೆ ಹೇಳಿದಂತೆ ನೀರ್ಗಲ್ಲಿನ ಗೋಡೆ. ಎರಡಕ್ಕೂ ಕಾರಣ ಬೇರೆ, ಮುನ್ಸೂಚನೆ ಬೇರೆ, ರಕ್ಷಣೆಯ ರೀತಿಯೂ ಬೇರೆ. 1969ರಲ್ಲಿ ಮನಾಲಿಯಲ್ಲಿ ಹಿಮ ಮತ್ತು ಹಿಮಕುಸಿತದ ಅಧ್ಯಯನಕ್ಕೆಂದೇ ರಕ್ಷಣಾ ಇಲಾಖೆಯ ಸಂಸ್ಥೆಯೊಂದು ಶುರುವಾದದ್ದು ಇಂಥ ವ್ಯತ್ಯಾಸಗಳನ್ನು ಓದಲಿಕ್ಕೆ. ಅವರ ಕೆಲಸದ ಬಗ್ಗೆ ಕನ್ನಡದಲ್ಲಿ ಎರಡು ಪುಟ ಓದಬೇಕೆಂದರೆ ಕಷ್ಟಪಟ್ಟು ಹುಡುಕಬೇಕು. ಹನುಮಂತಪ್ಪನವರ ಬಗ್ಗೆ ಕವಿತೆ ಬೇಕೆಂದರೆ ಹುಡುಕುವ ಅಗತ್ಯವೇ ಇಲ್ಲ.

ಆ ಕವಿತೆಗಳಿಗೆ ಬರೋಣ. ಆ ಒಂದು ವಾರದಲ್ಲಿ ನನ್ನ ಫೋನಿಗೆ ಬಂದವನ್ನು ಎಣಿಸಿರಲಿಲ್ಲ, ಮೂವತ್ತಕ್ಕೆ ಕಡಿಮೆ ಇರಲಿಕ್ಕಿಲ್ಲ. ಬರೆದವರ ದುಃಖ ನಿಜವಾದದ್ದು, ಅದರಲ್ಲಿ ಅನುಮಾನವಿಲ್ಲ. ಆದರೆ ಎಲ್ಲವೂ ಒಂದೇ ಅಚ್ಚಿನಿಂದ ಬಂದಂತಿದ್ದವು. ಹಿಮ ಅಲ್ಲಿ ತಾಯಿಯ ಮಡಿಲು, ಇಲ್ಲವೆ ಬಿಳಿಯ ಹೊದಿಕೆ, ಇಲ್ಲವೆ ತ್ಯಾಗದ ಯಜ್ಞಕುಂಡ. ಸೈನಿಕ ಅಲ್ಲಿ ಮಲಗಿದ್ದಾನೆ, ತಪಸ್ಸಿಗೆ ಕೂತಿದ್ದಾನೆ, ಸಾವನ್ನು ಗೆದ್ದಿದ್ದಾನೆ. ಒಂದರಲ್ಲೂ ಅವನು ಉಸಿರಾಡುತ್ತಿರಲಿಲ್ಲ! ಹೂತುಹೋದವನ ಮೊದಲ ಪ್ರಶ್ನೆಯೇ ಉಸಿರು. ಆಲ್ಪ್ಸ್ ಪರ್ವತದ ಅಪಘಾತಗಳ ಲೆಕ್ಕ ಹೇಳುವುದೇನೆಂದರೆ, ಸುಮಾರು ಕಾಲು ಗಂಟೆಯೊಳಗೆ ಹೊರತೆಗೆದರೆ ಹತ್ತರಲ್ಲಿ ಒಂಬತ್ತು ಮಂದಿ ಬದುಕುತ್ತಾರೆ, ಅರ್ಧ ಗಂಟೆ ದಾಟಿದರೆ ಮೂವರಲ್ಲಿ ಒಬ್ಬ. ತನ್ನದೇ ಬಿಸಿ ಉಸಿರು ಮುಖದೆದುರಿನ ಹಿಮವನ್ನು ಕರಗಿಸಿ, ಅದು ಮತ್ತೆ ಹೆಪ್ಪುಗಟ್ಟಿ, ಗಾಳಿ ಆಡದ ಒಂದು ಮುಖವಾಡವಾಗುತ್ತದೆ. ಹನುಮಂತಪ್ಪ ಆರು ದಿನ ಉಳಿದದ್ದಕ್ಕೆ ಆಗ ಕೊಟ್ಟ ವಿವರಣೆ, ಕುಸಿದ ಡೇರೆಯೊಳಗೆ ಉಳಿದುಕೊಂಡ ಗಾಳಿಯ ಜಾಗ. ಒಂದು ಬಟ್ಟೆಯ ಡೇರೆ, ಅದರೊಳಗಿನ ಒಂದಿಷ್ಟು ಗಾಳಿ, ಮೂವತ್ತರ ಹರೆಯದ ಗಟ್ಟಿ ದೇಹ. ಇಷ್ಟು ವಿವರದಿಂದ ಎಂಥ ಕವಿತೆ ಬರಬಹುದಿತ್ತು! ಪವಾಡ ಎಂಬ ಪದ ಬಂದೊಡನೆ ಡೇರೆಯೂ ಹೋಯಿತು, ಗಾಳಿಯೂ ಹೋಯಿತು.

ಈ ಚಾಳಿ ಇತ್ತೀಚಿನದಲ್ಲ. ಹಿಮದಲ್ಲಿ ಬಿದ್ದವನ ಬಗ್ಗೆ ನಮ್ಮ ಮನಸ್ಸಿನಲ್ಲಿರುವ ಮೂಲಕಥೆ ಮಹಾಪ್ರಸ್ಥಾನದ್ದು. ಪಾಂಡವರು ಹಿಮವಂತವನ್ನು ದಾಟಿ ಮೇರುವಿನತ್ತ ನಡೆಯುವಾಗ ಮೊದಲು ದ್ರೌಪದಿ, ಆಮೇಲೆ ಸಹದೇವ, ನಕುಲ, ಅರ್ಜುನ, ಭೀಮ, ಹೀಗೆ ಒಬ್ಬೊಬ್ಬರಾಗಿ ಬೀಳುತ್ತಾರೆ. ಭೀಮ ಪ್ರತಿ ಸಲವೂ ಏಕೆ ಎಂದು ಕೇಳುತ್ತಾನೆ. ಧರ್ಮರಾಯ ಪ್ರತಿ ಸಲವೂ ಒಂದು ದೋಷ ಹೇಳುತ್ತಾನೆ. ಅರ್ಜುನನ ಮೇಲಿನ ಪಕ್ಷಪಾತ, ಬುದ್ಧಿಯ ಗರ್ವ, ರೂಪದ ಗರ್ವ, ಬಿಲ್ಲಿನ ಗರ್ವ, ಹೊಟ್ಟೆಬಾಕತನ. ನೆಲದ ಮಾತಿಲ್ಲ, ಗಾಳಿಯ ಮಾತಿಲ್ಲ, ಎತ್ತರದ ಮಾತಿಲ್ಲ. ಕನ್ನಡ ಮನೆಗಳಲ್ಲಿ ಓದಿಸುವ ಭಾರತ ಕುಮಾರವ್ಯಾಸನದು. ಅದು ಹತ್ತು ಪರ್ವಕ್ಕೆ ನಿಲ್ಲುತ್ತದೆ. ಉಳಿದದ್ದನ್ನು ತಿಮ್ಮಣ್ಣಕವಿ ಮುಗಿಸಿದ, ಓದಿದವರು ಕಡಿಮೆ. ಆದರೂ ಬಿದ್ದವರ ಕಥೆ ಮಾತ್ರ ಬಾಯಿಂದ ಬಾಯಿಗೆ ಎಲ್ಲರಿಗೂ ಗೊತ್ತು. ಹಿಮ ಅಲ್ಲಿ ನ್ಯಾಯಾಲಯ. ಬಿದ್ದವನಿಗೆ ಕಾರಣ ಅವನೊಳಗೇ ಇರಬೇಕು. ಬದುಕಿದವನಿಗೂ ಹಾಗೆಯೇ, ಅವನೊಳಗಿನ ಪುಣ್ಯವೇ ಕಾರಣ. 2016ರ ಕವಿತೆಗಳು ಧರ್ಮರಾಯನ ಉತ್ತರವನ್ನು ತಿರುಗಿಸಿ ಹೇಳಿದವು, ಅಷ್ಟೇ. ಭೀಮನ ಪ್ರಶ್ನೆಯನ್ನು ಯಾರೂ ಮತ್ತೆ ಕೇಳಲಿಲ್ಲ.

ಉತ್ತರಕಾಶಿಯ ಮೇಲೆ ‘ದ್ರೌಪದಿ ಕಾ ಡಾಂಡಾ’ ಎಂಬ ಶಿಖರವೇ ಇದೆ. 2022ರ ಅಕ್ಟೋಬರ್ 4ರಂದು ಅಲ್ಲಿ ಹಿಮ ಜರಿದು ಪರ್ವತಾರೋಹಣ ತರಬೇತಿಗೆ ಹೋಗಿದ್ದ ತಂಡದ 29 ಮಂದಿ ಹೋದರು, ಅವರಲ್ಲಿ ಕರ್ನಾಟಕದವರೂ ಇದ್ದರು. ದ್ರೌಪದಿ ಬಿದ್ದದ್ದು ಅಲ್ಲೇ ಎಂದು ಬರೆಯದ ಕನ್ನಡ ಲೇಖನವನ್ನು ಆ ವಾರ ಹುಡುಕುವುದೇ ಕಷ್ಟವಾಗಿತ್ತು. ಮಳೆಗಾಲ ಮುಗಿಯುವ ಹೊತ್ತಿಗೆ ಬಿದ್ದ ಹೊಸ ಹಿಮ ಹಳೆಯದರ ಮೇಲೆ ಹೇಗೆ ಕೂತಿತ್ತು ಎಂದು ಕೇಳಿದ ಲೇಖನ ನನ್ನ ಕಣ್ಣಿಗೆ ಬೀಳಲಿಲ್ಲ.

ಕಾಳಿದಾಸ ಕುಮಾರಸಂಭವದ ಮೂರನೆಯ ಪದ್ಯದಲ್ಲಿಯೇ ಹಿಮವನ್ನು ಹಿಮಾಲಯದ ಒಂದು ದೋಷ ಎಂದು ಲೆಕ್ಕಕ್ಕೆ ಹಿಡಿದು, ಅಷ್ಟು ಗುಣಗಳ ನಡುವೆ ಅದೊಂದು ದೊಡ್ಡದಲ್ಲ ಎಂದು ಪಕ್ಕಕ್ಕಿಡುತ್ತಾನೆ. ಉಜ್ಜಯಿನಿಯ ಬಿಸಿಲಿನವನಿಗೆ ಹಾಗೆ ಕಂಡರೆ ಆಶ್ಚರ್ಯವಿಲ್ಲ. ಆದರೆ ಅದೇ ಕವಿಯ ಮೇಘದೂತದ ವಿಷಯ ಬೇರೆ. ಅದನ್ನು ಇಲ್ಲಿ ಎತ್ತಲೇಬೇಕು, ಏಕೆಂದರೆ 1984ರ ಏಪ್ರಿಲ್ 13ರಂದು ಸಿಯಾಚಿನ್ ಹಿಡಿಯಲು ಹೊರಟ ಕಾರ್ಯಾಚರಣೆಗೆ ಸೇನೆ ಇಟ್ಟ ಹೆಸರು ‘ಮೇಘದೂತ’. ಹನುಮಂತಪ್ಪ ಹೋದದ್ದು ಆ ಹೆಸರಿನ ಕೆಳಗೆ. ಅವರ ಜಿಲ್ಲೆಯ ದೊಡ್ಡ ಕವಿ ದ.ರಾ. ಬೇಂದ್ರೆ ಮೇಘದೂತವನ್ನು ಕನ್ನಡಕ್ಕೆ ತಂದವರು, ಬೇಂದ್ರೆ ಬಿ.ಎ. ಓದಿದ್ದು ನಮ್ಮ ಈ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ. ಇಷ್ಟೆಲ್ಲ ಎಳೆಗಳು ಒಂದೇ ಕಡೆ ಕೂಡಿಕೊಂಡಿದ್ದರೂ ಯಾವ ವಿಮರ್ಶಕನೂ ಆ ಹೆಸರನ್ನು ಹಿಡಿದು ಒಂದು ಮಾತು ಕೇಳಲಿಲ್ಲ. ಇದು ಯಾವ ಮೇಘ?

ಕಾಳಿದಾಸನದು ಆಷಾಢದ ಮೋಡ, ಮುಂಗಾರಿನದು. ತೆಂಕಣಿಂದ ಬಡಗಿಗೆ ಹೋಗುತ್ತದೆ. ಸಿಯಾಚಿನ್‌ನ ಹಿಮದ ಬಹುಪಾಲನ್ನು ತರುವುದು ಆ ಮೋಡವಲ್ಲ, ಚಳಿಗಾಲದಲ್ಲಿ ಪಡುವಣದಿಂದ ಬರುವ ಸುಳಿ. ವಿರಹಿಯ ಸುದ್ದಿ ಒಯ್ಯುವ ಮೋಡದ ಹೆಸರನ್ನು ಅದು ಮುಟ್ಟದ ಜಾಗಕ್ಕೆ ಇಟ್ಟದ್ದು ದೆಹಲಿಯ ಯಾರದೋ ರಸಿಕತೆ. ಹೆಸರು ಇಡುವುದರಲ್ಲಿ ನಮ್ಮವರು ಎಂದೂ ಹಿಂದೆ ಬಿದ್ದವರಲ್ಲ. ಆದರೆ ಮೂಲಪದ್ಯವನ್ನು ಓದಿದರೆ ಇನ್ನೊಂದು ಕಾಣುತ್ತದೆ. ಯಕ್ಷ ಮೋಡಕ್ಕೆ ಹೇಳುವುದು ಬರೀ ಪ್ರೇಮವಲ್ಲ, ದಾರಿ. ಎಲ್ಲಿ ಸುರಿದು ಹಗುರಾಗಬೇಕು, ಯಾವ ನದಿಯ ನೀರು ಹೀರಿ ಭಾರವಾದರೆ ಗಾಳಿ ನಿನ್ನನ್ನು ಹಾರಿಸಿಕೊಂಡು ಹೋಗಲಾರದು, ಯಾವ ಶಿಖರದ ಮೇಲೆ ದಣಿವಾರಿಸಿಕೊಳ್ಳಬೇಕು, ಹಿಮಾಲಯದಲ್ಲಿ ಎಲ್ಲಿ ಆಲಿಕಲ್ಲು ಸುರಿಸಬೇಕು. ಮೋಡದ ತೂಕವನ್ನು ತಿಳಿದ ಕವಿ ಅವನು. ಭಾವ ಬೇಕೆಂದರೆ ವಿವರ ಬಿಡಬೇಕು ಎಂಬ ನಮ್ಮ ಇತ್ತೀಚಿನ ನಂಬಿಕೆಗೆ ಅಲ್ಲಿ ಜಾಗವೇ ಇಲ್ಲ.

ಹಿಮಕ್ಕೂ ಕುಂದಗೋಳದ ಹೊಲಕ್ಕೂ ಸಂಬಂಧವಿದೆ ಎಂದು ಮೊದಲು ಲೆಕ್ಕ ಹಾಕಿದವನು ಭಾರತೀಯ ಹವಾಮಾನ ಇಲಾಖೆಯ ಮೊದಲ ಮುಖ್ಯಸ್ಥ ಹೆನ್ರಿ ಬ್ಲಾನ್‌ಫರ್ಡ್. ಪುಣೆ, ಸೊಲ್ಲಾಪುರ, ಧಾರವಾಡ, ವಿಜಯಪುರಗಳನ್ನು ಹಿಂಡಿದ 1876–78ರ ಬರ ಆಗಿನ್ನೂ ಹಸಿಯಾಗಿತ್ತು. ಹಿಮಾಲಯದಲ್ಲಿ ಚಳಿಗಾಲದ ಹಿಮ ಹೆಚ್ಚಿದ ವರ್ಷ ಮುಂಗಾರು ಬಡವಾಗುತ್ತದೆ ಎಂದು ಅವನು 1884ರಲ್ಲಿ ಬರೆದ. ಆ ಸೂತ್ರ ಅಷ್ಟು ಸರಳವಲ್ಲ ಎಂದು ಮುಂದೆ ತಿಳಿಯಿತು. ಇಲಾಖೆಯ ಮುಖ್ಯ ಕಚೇರಿ ಶಿಮ್ಲಾದಿಂದ 1928ರಲ್ಲಿ ಪುಣೆಗೆ ಬಂತು. ಶಿವಾಜಿನಗರದಲ್ಲಿ ದಿನಾ ಬಸ್ಸು ಹಿಡಿಯುವಾಗ ‘ಸಿಮ್ಲಾ ಆಫೀಸ್’ ಎಂಬ ಹೆಸರು ಕೇಳುತ್ತೀರಲ್ಲ, ಆ ಹೆಸರಿನ ಹಿಂದೆ ಇರುವುದು ಇದು. ಅಲ್ಲಿ ಶಿಮ್ಲಾದ ಸೇಬು ಮಾರುತ್ತಾರೆಂದು ತಿಳಿದಿದ್ದ ಗೆಳೆಯನೊಬ್ಬ ನನಗಿದ್ದಾನೆ.

ಹಾಗಾದರೆ ಕನ್ನಡದಲ್ಲಿ ಹಿಮವನ್ನು ಹಿಮವಾಗಿ ಬರೆದವರೇ ಇಲ್ಲವೇ? ಒಂದು ಪುಸ್ತಕ ತಟ್ಟನೆ ನೆನಪಾಗುತ್ತದೆ. ತೇಜಸ್ವಿಯವರ ‘ಮಹಾಪಲಾಯನ’. ಸ್ಲಾವೊಮಿರ್ ರಾವಿಕ್ಜ್ ಹೇಳಿದ ಸೈಬೀರಿಯಾದ ಸೆರೆಶಿಬಿರದಿಂದ ಹಿಮಾಲಯ ದಾಟಿ ಭಾರತಕ್ಕೆ ಬಂದವರ ಕಥೆಯ ಕನ್ನಡ ರೂಪ. ಕನ್ನಡದ ಹುಡುಗ ಹುಡುಗಿಯರು ಹಿಮದ ಚಳಿಯನ್ನು ಮೊದಲು ಅನುಭವಿಸಿದ್ದು ಬಹುಶಃ ಆ ಪುಟಗಳಲ್ಲಿ. ಅಲ್ಲಿ ಹಿಮ ಮಡಿಲೂ ಅಲ್ಲ, ಯಜ್ಞಕುಂಡವೂ ಅಲ್ಲ. ತಪ್ಪಿಸಿಕೊಂಡವರ ಹೆಜ್ಜೆಗುರುತನ್ನು ಮುಚ್ಚುವಾಗ ನೆಂಟ, ಕಾಲಿನ ಚರ್ಮದ ಸುತ್ತು ಹರಿದಾಗ ವೈರಿ. ನಡೆಯುವವನ ಕಣ್ಣಿಂದ ಕಂಡ ಹಿಮ ಅದು. ತೇಜಸ್ವಿಯವರ ಗದ್ಯಕ್ಕೆ ಅದು ಒಗ್ಗಿದ್ದರಲ್ಲಿ ವಿಶೇಷವಿಲ್ಲ. ಮೂಡಿಗೆರೆಯ ಮಳೆಯನ್ನೂ ಅವರು ಹೀಗೆ ಕೆಲಸದ ದೃಷ್ಟಿಯಿಂದಲೇ ಬರೆದವರು. ಮೂಲಕಥೆಯ ಬಗ್ಗೆ ದೊಡ್ಡ ಅನುಮಾನವೊಂದಿದೆ. ರಾವಿಕ್ಜ್ ತಪ್ಪಿಸಿಕೊಂಡವನಲ್ಲ, 1942ರಲ್ಲಿ ಬಿಡುಗಡೆಯಾದವನು ಎಂದು ತೋರಿಸುವ ದಾಖಲೆಗಳನ್ನು ಬಿಬಿಸಿ 2006ರಲ್ಲಿ ಹೊರತಂದಿತು. ಹೀಗೆ ನಡೆದದ್ದೇ ಅನುಮಾನವಾದ ಕಥೆಯಲ್ಲಿ ಹಿಮ ಕಣ್ಣಿಗೆ ಕಟ್ಟುತ್ತದೆ, ನಿಜವಾಗಿ ನಡೆದದ್ದರ ಬಗ್ಗೆ ಬರೆದ ಕವಿತೆಗಳಲ್ಲಿ ಕಟ್ಟುವುದಿಲ್ಲ. ಎರಡರಲ್ಲಿ ಒಂದನ್ನು ಆರಿಸು ಎಂದರೆ ನಾನು ಹಿಂದೆಮುಂದೆ ನೋಡದೆ ಮಹಾಪಲಾಯನವನ್ನು ಎತ್ತಿಕೊಳ್ಳುತ್ತೇನೆ.

ಈಚಿನ ಚಾರಣ ಬರಹಗಳ ಬಗ್ಗೆ ಹೆಚ್ಚು ಹೇಳಲಾರೆ. ಅವು ಹೆಚ್ಚಾಗಿ ಪಟಗಳಿಗೆ ಬರೆದ ಅಡಿಬರಹಗಳು. ಡಿಸೆಂಬರಿನ ಕೇದಾರಕಂಠದ ಬಗ್ಗೆ ಕನ್ನಡದಲ್ಲಿ ಓದಿದ ಹತ್ತಾರು ಬರಹಗಳಲ್ಲಿ ಶೂ ಬಾಡಿಗೆ ಎಷ್ಟು, ಮ್ಯಾಗಿ ಎಷ್ಟು, ಶಿಖರದ ಮೇಲೆ ಕನ್ನಡ ಬಾವುಟ ಎಷ್ಟು ಗಂಟೆಗೆ ಹಾರಿತು ಎಲ್ಲ ಇರುತ್ತದೆ. ಕಾಲಡಿಯ ಇಳಿಜಾರು ಎಷ್ಟು ಡಿಗ್ರಿ, ನಿನ್ನೆ ರಾತ್ರಿ ಗಾಳಿ ಯಾವ ದಿಕ್ಕಿನಿಂದ ಬೀಸಿತ್ತು, ಮಾರ್ಗದರ್ಶಿ ಒಂದು ಬದಿಯನ್ನು ಬಿಟ್ಟು ಸುತ್ತುಹಾಕಿ ಏಕೆ ಹೋದ, ಇವು ಇರುವುದಿಲ್ಲ. ಆ ಹಳ್ಳಿಯ ಮಾರ್ಗದರ್ಶಿಗೆ ಕಾರಣ ಗೊತ್ತಿರುತ್ತದೆ. ಕೇಳಿದವರಿಲ್ಲ. ಹವ್ಯಾಸಕ್ಕೆ ಹೋಗಿ ಹಿಮದಡಿ ಸಿಕ್ಕವರಲ್ಲಿ ಹೆಚ್ಚಿನವರ ಮೇಲೆ ಬಿದ್ದ ಹಿಮವನ್ನು ಜಾರಿಸಿದ್ದು ಅವರದೇ ಅಥವಾ ಅವರ ತಂಡದವರದೇ ಹೆಜ್ಜೆ ಎಂಬುದು ಪಶ್ಚಿಮದ ದೇಶಗಳಲ್ಲಿ ಚೆನ್ನಾಗಿ ಗೊತ್ತಿರುವ ಸಂಗತಿ. 2024ರ ಜೂನ್ ಮೊದಲ ವಾರ, ಚಳಿಗಾಲವೇ ಅಲ್ಲದ ಕಾಲದಲ್ಲಿ, ಉತ್ತರಕಾಶಿಯ ಸಹಸ್ರತಾಲ್ ದಾರಿಯಲ್ಲಿ ಹಿಮಬಿರುಗಾಳಿಗೆ ಸಿಕ್ಕಿ, ಕರ್ನಾಟಕದವರೇ ಹೆಚ್ಚಾಗಿದ್ದ 22 ಜನರ ತಂಡದಲ್ಲಿ 9 ಮಂದಿ ಸತ್ತರು. ಅವರನ್ನು ಕೊಂದದ್ದು ಜರಿದ ಹಿಮವಲ್ಲ, ಒದ್ದೆ, ಗಾಳಿ ಮತ್ತು ಚಳಿ. ಅದಕ್ಕೂ ಎಷ್ಟೋ ಕಡೆ ‘ಹಿಮಪಾತ’ ಎಂದೇ ಬರೆದರು.

ಪದಗಳ ವಿಷಯಕ್ಕೆ ಬಂದರೆ, ನನಗೆ ಸಂಸ್ಕೃತದಿಂದ ಹೊಸದನ್ನು ಕಟ್ಟುವ ಹುಮ್ಮಸ್ಸಿಲ್ಲ. ಮಲೆನಾಡಿನವರು ಧರೆ ಕುಸಿಯಿತು ಎನ್ನುತ್ತಾರೆ, ಕೊಡಗಿನವರು ಬರೆ ಜರಿಯಿತು ಎನ್ನುತ್ತಾರೆ. 2018ರ ಕೊಡಗಿನ ಆಗಸ್ಟ್, 2024ರ ಶಿರೂರಿನ ಜುಲೈ ಕಳೆದ ಮೇಲೆ ಆ ಕ್ರಿಯಾಪದಗಳು ಎಲ್ಲ ಕನ್ನಡಿಗರಿಗೂ ಮುಟ್ಟಿವೆ. ಹಿಮ ಬಿತ್ತು, ಹಿಮ ಜರಿಯಿತು, ನೀರ್ಗಲ್ಲು ಮುರಿದು ಬಿತ್ತು. ಮೂರು ಬೇರೆ ವಾಕ್ಯಗಳು, ಮೂರು ಬೇರೆ ಸಂಗತಿಗಳು. ಗೆಳೆಯರೊಬ್ಬರು ಇದನ್ನು ಓದಿ, ಸಾಹಿತ್ಯಕ್ಕೆ ಅಷ್ಟು ನಿಖರತೆ ಬೇಕೇ ಎಂದರು. ರಾಜಸ್ಥಾನದ ಮರಳನ್ನು ಕೆಸರು ಎಂದು ಬರೆದರೆ ಅವರು ಸುಮ್ಮನಿರುತ್ತಿದ್ದರೇ?

ಇನ್ನೊಂದು ವಿಷಯ ನನ್ನನ್ನು ಹೆಚ್ಚು ಕಾಡುತ್ತದೆ. ಸೋನಮ್‌ನ ಹತ್ತು ಮಂದಿಯಲ್ಲಿ ಮೂವರು ಕರ್ನಾಟಕದವರು. ಹಾಸನದ ತೇಜೂರಿನ ಸುಬೇದಾರ್ ನಾಗೇಶ ಟಿ.ಟಿ., ಎಚ್.ಡಿ. ಕೋಟೆಯ ಸಿಪಾಯಿ ಮಹೇಶ ಪಿ.ಎನ್. ಇವರಿಬ್ಬರ ಹೆಸರನ್ನು ನೋಡದೆ ಹೇಳಬಲ್ಲ ಕನ್ನಡಿಗರು ಎಷ್ಟು ಜನ? ಪವಾಡದ ಕಥೆಗೆ ಬದುಕಿದವನೊಬ್ಬ ಸಾಕು, ಪಕ್ಕದಲ್ಲೇ ಸತ್ತವರು ಆ ಕಥೆಗೆ ಅಡ್ಡಿ. ಕೆಟ್ಟ ಹವೆಯಿಂದ ಹೆಲಿಕಾಪ್ಟರ್ ಹಾರಲಾರದೆ ಆ ಒಂಬತ್ತು ದೇಹಗಳು ಮೇಲೆ ದಿನಗಟ್ಟಲೆ ಕಾದವು. ಬೆಟದೂರಿನಲ್ಲಿ ಅಂತ್ಯಸಂಸ್ಕಾರ ಮುಗಿದು ಕ್ಯಾಮೆರಾಗಳು ಹಿಂತಿರುಗಿದ ಮೇಲೂ ಅವು ಇನ್ನೂ ಬಂದಿರಲಿಲ್ಲ. ಅವರಲ್ಲೊಬ್ಬರು ನಮ್ಮ ಪಕ್ಕದ ಸಾತಾರಾ ಜಿಲ್ಲೆಯ ಮಾಣ ತಾಲೂಕಿನವರು, ಸುನೀಲ್ ಸೂರ್ಯವಂಶಿ, ದಳದ ಶುಶ್ರೂಷಾ ಸಹಾಯಕ. ಮಾಣ ಬರದ ತಾಲೂಕು. ಕುಂದಗೋಳದ ಹಾಗೆಯೇ ಮಳೆಗೆ ಮುಗಿಲು ನೋಡುವ ಊರುಗಳು.

ಗಡಿಯ ಆಚೆ ಬದಿಯಲ್ಲಿ, 2012ರ ಏಪ್ರಿಲ್ 7ರಂದು, ಗಯಾರಿ ಎಂಬಲ್ಲಿ ಪಾಕಿಸ್ತಾನದ ಸೇನಾ ನೆಲೆಯ ಮೇಲೆ ಹಿಮ ಜರಿದು 140 ಮಂದಿ ಹೂತುಹೋದರು. 2003ರ ಕದನವಿರಾಮದ ನಂತರ ಅಲ್ಲಿ ಎರಡೂ ಕಡೆಯವರನ್ನು ಕೊಲ್ಲುತ್ತಿರುವುದು ಗುಂಡಲ್ಲ, ಹಿಮ ಮತ್ತು ಎತ್ತರ. ಈ ಮಾತು ನಮ್ಮ ಹಿಮದ ಕವಿತೆಗಳಲ್ಲಿ ಬರುವುದಿಲ್ಲ. ಅಲ್ಲಿ ಶತ್ರು ಯಾವಾಗಲೂ ಮನುಷ್ಯನೇ ಆಗಿರಬೇಕು.

ನಾನು ಓದಲು ಕಾಯುತ್ತಿರುವ ಕನ್ನಡ ಪುಸ್ತಕ ಹೂತವರ ಬಗ್ಗೆಯಲ್ಲ, ಅಗೆದವರ ಬಗ್ಗೆ. ಆರು ದಿನ, 19,600 ಅಡಿ, ರಾತ್ರಿಯ ಚಳಿ, ಹತ್ತು ಹೆಜ್ಜೆಗೊಮ್ಮೆ ನಿಂತು ಉಸಿರೆಳೆಯಬೇಕಾದ ಗಾಳಿ. ಕೊರೆಯುವ ಯಂತ್ರದ ಸದ್ದು, ನೀಲಿ ಹೆಂಟೆಗಳನ್ನು ಕೈಯಿಂದ ಕೈಗೆ ದಾಟಿಸುವ ಸಾಲು, ಎಲ್ಲಿ ತೋಡಬೇಕು ಎಂಬ ಜಗಳ. ಆ ಸಾಲಿನಲ್ಲಿದ್ದವರು ಈಗ ಎಲ್ಲೆಲ್ಲಿಯೋ ಇದ್ದಾರೆ, ಕೆಲವರು ನಿವೃತ್ತರಾಗಿ ಊರು ಸೇರಿರಬಹುದು. ಹಿಮದ ಕೆಳಗೆ ಮನುಷ್ಯರಿರುವ ಜಾಗವನ್ನು ಮೂಸಿ ತೋರಿಸಿದ ಎರಡು ನಾಯಿಗಳ ಹೆಸರು ಡಾಟ್ ಮತ್ತು ಮಿಶಾ.